ಬಾಳಿದ ವರ್ಷಗಳ ಲೆಕ್ಕ

ಮದುವೆ ಮುರಿದ ಮೇಲೆ ಹೆಣ್ಣಿಗೆ ಎಷ್ಟು ಕೊಡಬೇಕು? ಈ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು, 'ಎಷ್ಟು ವರ್ಷ ಬಾಳಿದ್ಲು?' ಅಂತ. ಇಪ್ಪತ್ತು ವರ್ಷ ಅಂದರೆ 'ಅಯ್ಯೋ ಪಾಪ' ಅಂತಾರೆ. ಎರಡೇ ವರ್ಷ ಅಂದರೆ 'ಅಷ್ಟಕ್ಕೆ ಏನು ಕೊಡೋದು' ಅಂತಾರೆ. ಈ ಲೆಕ್ಕ ನ್ಯಾಯವೇ?

1955ರ ಹಿಂದೂ ವಿವಾಹ ಕಾಯ್ದೆಯ 25ನೇ ಕಲಂ ಇಬ್ಬರ ವರಮಾನ, ಆಸ್ತಿ, ನಡತೆ, ಸಂದರ್ಭ ನೋಡಿ ಜೀವನಾಂಶ ಗೊತ್ತುಮಾಡಿ ಅನ್ನುತ್ತದೆ. ಇಷ್ಟು ವರ್ಷಕ್ಕೆ ಇಷ್ಟು ಎಂಬ ಪಟ್ಟಿ ಅಲ್ಲಿಲ್ಲ. 2020ರಲ್ಲಿ ರಜನೀಶ್-ನೇಹಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮದುವೆಯ ಅವಧಿಯನ್ನೂ ಗಣನೆಗೆ ತಗೋಬೇಕು ಎಂದಿತು. ಬಹುಕಾಲ ಬಾಳದ ಮದುವೆಗೆ ಜೀವಮಾನವಿಡೀ ಕೊಡಿಸುವುದು ಅನ್ಯಾಯವಾಗಬಹುದು ಎಂದಿತು. ಸಂಸಾರಕ್ಕಾಗಿ ಹೆಣ್ಣು ಬಿಟ್ಟುಕೊಟ್ಟ ಕೆಲಸವನ್ನೂ ನೋಡಿ ಎಂದು ಅದೇ ತೀರ್ಪು ಹೇಳಿದೆ. ಮೊದಲನೆಯದು ಎಲ್ಲರಿಗೂ ನೆನಪಿರುತ್ತದೆ, ಎರಡನೆಯದು ಮರೆತುಹೋಗುತ್ತದೆ.

ವರ್ಷ ಹೆಚ್ಚಾದರೆ ನ್ಯಾಯವೂ ಹೆಚ್ಚಾಗುತ್ತದೆಯೇ? ಇಂದೋರಿನ ಶಾಬಾನು 1932ರಲ್ಲಿ ಮದುವೆಯಾದವರು. 43 ವರ್ಷ ಬಾಳಿ, ಐದು ಮಕ್ಕಳನ್ನು ಹೆತ್ತ ಮೇಲೆ 1975ರಲ್ಲಿ ವಕೀಲ ಗಂಡ ಹೊರಗೆ ಹಾಕಿದ. ಕೆಳಗಿನ ಕೋರ್ಟು ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಏರಿಸಿದ್ದು 179 ರೂಪಾಯಿ 20 ಪೈಸೆಗೆ. 1985ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಇದನ್ನು ಒಂದು ಧರ್ಮದ ತಪ್ಪು ಅಂತ ತೋರಿಸುವವರು ಕೇಳಿಸಿಕೊಳ್ಳಲಿ: ಆ ಕಾಯ್ದೆಯಲ್ಲಿ 500 ರೂಪಾಯಿ ಮೀರಬಾರದೆಂಬ ಕಟ್ಟು ಎಲ್ಲ ಧರ್ಮದ ಹೆಂಗಸರಿಗೂ ಇತ್ತು. ಅದನ್ನು ತೆಗೆದದ್ದು 2001ರಲ್ಲಿ.

ಇನ್ನು ಎರಡೇ ವರ್ಷ ಬಾಳಿದವಳು. ಹದಿನೆಂಟಕ್ಕೆ ಓದು ಬಿಡಿಸಿ ಕೊಟ್ಟರು. ಇಪ್ಪತ್ತಕ್ಕೆ ಕೈಗೂಸು ಎತ್ತಿಕೊಂಡು ತವರಿಗೆ ಬಂದ್ಲು. ಬಾಳಿದ್ದು ಎರಡು ವರ್ಷ ನಿಜ. ಕಳಕೊಂಡದ್ದೂ ಎರಡೇ ವರ್ಷವೇ?

ನಮ್ಮ ಕೇರಿಗಳಲ್ಲಿ ಬಿಡುಗಡೆ ಹೊಸದಲ್ಲ. ರೂಢಿಯ ಬಿಡುಗಡೆಯನ್ನು ಕಾಯ್ದೆಯ 29ನೇ ಕಲಮೂ ಒಪ್ಪಿದೆ. 'ನಮ್ಮಲ್ಲಿ ಹೆಣ್ಣಿಗೆ ಸ್ವಾತಂತ್ರ್ಯ ಇದೆ' ಅಂತ ನಾವು ಹೆಮ್ಮೆಪಡುತ್ತೇವೆ. ಆದರೆ ಪಂಚಾಯ್ತಿಕಟ್ಟೆಯಲ್ಲಿ ಎಣಿಸುತ್ತಿದ್ದದ್ದು ಗಂಡು ಕೊಟ್ಟ ತೆರ. ಆಕೆ ಗೇದ ಗೇಮೆಯನ್ನಲ್ಲ. ಕೂಲಿ ಮಾಡಿ ತಂದು, ಬೇಯಿಸಿ, ಹೆತ್ತು, ಅತ್ತೆಮಾವಂದಿರ ಸೇವೆ ಮಾಡಿದವಳು ಕೊನೆಗೆ ಉಟ್ಟ ಸೀರೆಯಲ್ಲಿ ಹೊರಡುತ್ತಾಳೆ. 'ಅವನ ಹತ್ರ ಏನೈತೆ ಕೊಡೋಕೆ?' ಅಂತಾರೆ. ಜನತಾ ಮನೆ ಐತಲ್ಲ, ಅದರ ಹಕ್ಕುಪತ್ರ ಯಾರ ಹೆಸರಲ್ಲೈತೆ? ಅದರ ಗೋಡೆಗೆ ಮಣ್ಣು ಹೊತ್ತೋರು ಯಾರು?

2023ರಲ್ಲಿ ಮದ್ರಾಸ್ ಹೈಕೋರ್ಟು ಗಂಡ ದುಡಿದು ಕೊಂಡ ಆಸ್ತಿಯ ಹಿಂದೆ ಮನೆವಾರ್ತೆ ನೋಡಿದ ಹೆಂಡತಿಯ ದುಡಿಮೆಯೂ ಇದೆ, ಆಕೆಗೆ ಸಮಪಾಲು ಸಲ್ಲಬೇಕು ಎಂದಿತು. ಅದು ವಿಚ್ಛೇದನದ ಮೊಕದ್ದಮೆಯಲ್ಲ. ಆದರೂ ದಾರಿ ತೋರಿಸುತ್ತದೆ. ಬಾಬಾಸಾಹೇಬರು ಹಿಂದೂ ಕೋಡ್ ಬಿಲ್ಲಿನಲ್ಲಿ ವಿಚ್ಛೇದನವನ್ನೂ ಹೆಣ್ಣಿನ ಆಸ್ತಿಹಕ್ಕನ್ನೂ ಒಟ್ಟಿಗೇ ಇಟ್ಟರು. ಬಿಲ್ಲನ್ನು ಕೈಬಿಟ್ಟಾಗ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟು ಬಂದರು. ಕೈಯಲ್ಲಿ ಏನೂ ಇಲ್ಲದವಳಿಗೆ ಬಿಡುಗಡೆ ಅಂದರೆ ಬೀದಿ ಎಂಬುದು ಅವರಿಗೆ ಗೊತ್ತಿತ್ತು.

ವರ್ಷ ಎಣಿಸಬೇಡಿ ಎಂದು ನಾವು ಹೇಳುತ್ತಿಲ್ಲ. ಆ ವರ್ಷಗಳು ಗಂಡ ಹಾಕಿದ ಅನ್ನದ ವರ್ಷಗಳಲ್ಲ, ಆಕೆ ಗೇದ ವರ್ಷಗಳು ಎಂದು ಎಣಿಸಿ. ಆಗ ಕೊಡುವುದು ಕರುಣೆಯಾಗುವುದಿಲ್ಲ, ತೀರಿಸಬೇಕಾದ ಬಾಕಿಯಾಗುತ್ತದೆ.

ಜೀತದಾಳಿನ ಬಾಕಿ ಕೂಲಿ ಕೇಳಿ ಬೀದಿಗಿಳಿದವರು ನಾವು. ಸಭೆ ಮುಗಿಸಿ ಮನೆಗೆ ಹೋಗಿ 'ನೀರು ತಾ' ಅನ್ನುವವರೂ ನಾವೇ. ಮುಂದಿನ ಸಲ ಪಂಚಾಯ್ತಿಗೆ ಕರೆದಾಗ ಎಷ್ಟು ವರ್ಷ ಬಾಳಿದ್ಲು ಅಂತ ಕೇಳುವ ಮುಂಚೆ, ಏನೇನು ಗೇದ್ಲು, ಏನು ಬಿಟ್ಟು ಬಂದ್ಲು ಅಂತ ಕೇಳೋಣ. ಉತ್ತರವನ್ನು ಆಕೆಯ ಬಾಯಿಂದಲೇ ಕೇಳೋಣ.