ಫೋನಿಗೆ ಸಂಕೋಚವಿಲ್ಲ

ಆ ದಿನದ ತಾರೀಖು ನೆನಪಿರುವುದಕ್ಕೆ ಕಾರಣ ಮುಂಗೇಶಪುರ. 2024ರ ಮೇ 29ರಂದು ದೆಹಲಿಯ ವಾಯವ್ಯ ಅಂಚಿನ ಆ ಊರಿನ ಹವಾಮಾನ ಕೇಂದ್ರ 52.9 ಡಿಗ್ರಿ ತೋರಿಸಿ ದೇಶಕ್ಕೆಲ್ಲ ಸುದ್ದಿಯಾಯಿತು. ತಿಪಟೂರಿನಿಂದ ಅಮ್ಮ ಫೋನ್ ಮಾಡಿ, "ಅಲ್ಲಿ ಬೆಂಕಿ ಬೀಳ್ತಿದೆಯಂತಲ್ಲೋ, ಮಜ್ಜಿಗೆ ಕುಡೀತಿದ್ದೀಯಾ?" ಎಂದು ಕೇಳಿದ್ದು ಅವತ್ತೇ ರಾತ್ರಿ.

ಅವತ್ತು ಮಧ್ಯಾಹ್ನ ನಾನು ಗುರುಗ್ರಾಮದ ಉದ್ಯೋಗ ವಿಹಾರದಲ್ಲಿ ಒಂದು ಮೀಟಿಂಗ್‌ನಲ್ಲಿದ್ದೆ. ಹನ್ನೆರಡಕ್ಕೆ ಒಳಗೆ ಹೋದವನು ಹೊರಗೆ ಬಂದಾಗ ಮೂರೂವರೆ. ಕಾರು ಬಯಲಿನಲ್ಲಿ ನಿಂತಿತ್ತು. ನಮ್ಮ ಕಾರು ಓಡಿಸುವವರು ಬಿಹಾರದ ಛಪರಾ ಕಡೆಯವರು, ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ನಾನು ಅವರನ್ನು ಭಾಯಿಸಾಬ್ ಅನ್ನುತ್ತೇನೆ, ಅವರು ನನ್ನನ್ನು ಸರ್ ಅನ್ನುತ್ತಾರೆ. ನೋಯ್ಡಾಕ್ಕೆ ವಾಪಸು ಹೊರಟೆವು. ಪಕ್ಕದ ಸೀಟಿನಲ್ಲಿ ಕೂತವನು ಅಭ್ಯಾಸಬಲದಿಂದ ಫೋನನ್ನು ಗೇರ್ ಮುಂದಿನ ವೈರ್‌ಲೆಸ್ ಚಾರ್ಜಿಂಗ್ ಪ್ಯಾಡ್ ಮೇಲಿಟ್ಟು ಮ್ಯಾಪ್ ಹಾಕಿದೆ. ಹೆದ್ದಾರಿ ಸೇರುವಷ್ಟರಲ್ಲಿ ಪರದೆಯ ಮೇಲೆ ಸೂಚನೆ ಬಂತು: ಫೋನ್ ಬಿಸಿಯಾಗಿದೆ, ಚಾರ್ಜಿಂಗ್ ನಿಲ್ಲಿಸಲಾಗಿದೆ, ತಣ್ಣಗಾದ ಮೇಲೆ ಮುಂದುವರಿಯುತ್ತದೆ.

"ಭಾಯಿಸಾಬ್, ಆ ವೆಂಟ್ ಸ್ವಲ್ಪ ಫೋನ್ ಕಡೆ ತಿರುಗಿಸ್ತೀರಾ?"

ಅವರು ಮುಂದೆ ಬಾಗಿ ತಿರುಗಿಸಿದರು. ಅಲ್ಲಿಯವರೆಗೆ ಆ ಗಾಳಿ ಅವರ ಮುಖಕ್ಕೆ ಬರುತ್ತಿತ್ತು. ಬಾಗಿದಾಗ ಅವರ ಅಂಗಿಯ ಬೆನ್ನು ಕಾಣಿಸಿತು. ಬೆವರು ಒಣಗಿ, ಮತ್ತೆ ಒದ್ದೆಯಾಗಿ, ಮತ್ತೆ ಒಣಗಿ, ನಕಾಶೆಯ ಗಡಿಗೆರೆಗಳ ಹಾಗೆ ಉಪ್ಪಿನ ಬಿಳಿ ಗೆರೆಗಳು. ಧೌಲಾ ಕುವಾ ದಾಟುವಾಗ ಫೋನ್ ಮತ್ತೆ ಚಾರ್ಜ್ ಆಗತೊಡಗಿತು. ನನಗೆ ಸಮಾಧಾನವಾಯಿತು. ಫೋನಿನ ಬಗ್ಗೆ.

ಮೋತಿಬಾಗ್ ಹತ್ತಿರ ನಿಂತಾಗ ಕೇಳಿದೆ, ಮಧ್ಯಾಹ್ನ ಎಲ್ಲಿದ್ದಿರಿ? ಗಾಡಿಯಲ್ಲೇ ಸರ್. ಎಸಿ ಹಾಕಿಕೊಂಡಿದ್ದಿರಾ? ಇಲ್ಲ ಸರ್, ಇಂಜಿನ್ ಆಫ್ ಇತ್ತು. ತೊಂದರೆ ಆಗಲಿಲ್ಲವೇ? ಇಲ್ಲ ಸರ್, ಅಭ್ಯಾಸವಿದೆ.

ಇಂಜಿನ್ ಯಾಕೆ ಆಫ್ ಇತ್ತು ಎಂದು ನೆನಪಾಗಲು ನನಗೆ ಆಶ್ರಮ್ ಚೌಕದವರೆಗೂ ಬೇಕಾಯಿತು. ಫೆಬ್ರವರಿಯಲ್ಲಿ ಪೆಟ್ರೋಲ್ ಬಿಲ್ ನೋಡಿ ನಾನೇ ಹೇಳಿದ್ದೆ: ನಿಂತಿರುವಾಗ ಇಂಜಿನ್ ಆಫ್ ಮಾಡಿ. ಫೆಬ್ರವರಿಯ ದೆಹಲಿಯಲ್ಲಿ ಅದು ಒಳ್ಳೆಯ ಸಲಹೆ. ಆದರೆ ನನ್ನ ಮಾತಿಗೆ ಮುಕ್ತಾಯದ ದಿನಾಂಕವಿರಲಿಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಹೆಸರಿನಲ್ಲಿ ಇಷ್ಟು ವರ್ಷ ಸಂಬಳ ಎಣಿಸಿದವನಿಗೆ, ವಾಪಸು ಪಡೆಯದ ಆದೇಶ ಜಾರಿಯಲ್ಲೇ ಇರುತ್ತದೆ ಎಂಬುದು ಗೊತ್ತಿರಬೇಕಿತ್ತು.

ಫೋನ್ ಬಿಸಿಯಾದದ್ದರಲ್ಲಿ ಆಶ್ಚರ್ಯವೇನಿಲ್ಲ. ಪ್ಯಾಡ್ ಒಳಗೆ ತಾಮ್ರದ ತಂತಿಯ ಸುರುಳಿ, ಫೋನಿನ ಬೆನ್ನಲ್ಲಿ ಇನ್ನೊಂದು. ಮೊದಲನೆಯದರಲ್ಲಿ ಹರಿಯುವ ಪರ್ಯಾಯ ವಿದ್ಯುತ್ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಅದು ಎರಡನೆಯದರಲ್ಲಿ ವಿದ್ಯುತ್ ಹುಟ್ಟಿಸುತ್ತದೆ. 1831ರಲ್ಲಿ ಫ್ಯಾರಡೇ ಕಂಡುಕೊಂಡ ತತ್ವವೇ. ಎರಡು ಸುರುಳಿ ನೇರಾನೇರ ಕೂತರೆ ಸರಿ. ಆದರೆ ನಮ್ಮ ಸ್ಪೀಡ್ ಬ್ರೇಕರುಗಳು ಫೋನನ್ನು ಅರ್ಧ ಇಂಚು ಸರಿಸುತ್ತವೆ, ದಪ್ಪ ಕವರ್ ಅಂತರ ಹೆಚ್ಚಿಸುತ್ತದೆ, ದಾಟದ ಶಕ್ತಿ ಬಿಸಿಯಾಗಿ ಉಳಿಯುತ್ತದೆ. ಅದರ ಜೊತೆಗೆ ಮ್ಯಾಪ್, ಜಿಪಿಎಸ್, ಉರಿಯುವ ಪರದೆ, ಗಾಜಿನಿಂದ ಇಳಿಯುವ ಬಿಸಿಲು. ಈ ವ್ಯವಸ್ಥೆಯ ಮಾನದಂಡಕ್ಕೆ ಚೀನೀಯರ ಪ್ರಾಣಶಕ್ತಿಯ ಹೆಸರಿಟ್ಟಿದ್ದಾರೆ, 'ಚೀ' ಎಂದು ಉಚ್ಚಾರ. ಕನ್ನಡ ಕಿವಿಗೆ ಬೇರೆಯೇ ಕೇಳಿಸುತ್ತದೆ. ಒಂದು ತಂತಿ ಚುಚ್ಚುವ ಶ್ರಮ ಉಳಿಸಲು ಇಷ್ಟೆಲ್ಲ.

ಲಿಥಿಯಂ ಅಯಾನ್ ಬ್ಯಾಟರಿಗೆ ಬಿಸಿಯಲ್ಲಿ ಚಾರ್ಜ್ ಮಾಡಿಸಿಕೊಳ್ಳುವುದು ಆಯುಸ್ಸು ತಿನ್ನುವ ಕೆಲಸ. ಐಫೋನನ್ನು 0ಯಿಂದ 35 ಡಿಗ್ರಿ ವಾತಾವರಣದಲ್ಲಿ ಬಳಸಿ ಎಂದು ಆ್ಯಪಲ್ ಹೇಳುತ್ತದೆ. ದೆಹಲಿಯಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಆ 35 ಬೆಳಗಿನ ತಿಂಡಿಯ ಹೊತ್ತಿಗೇ ಮುಗಿದಿರುತ್ತದೆ. ಹಾಗಾಗಿ ಒಳಗೆ ಕೂತಿರುವ ಪುಟ್ಟ ಉಷ್ಣ ಸಂವೇದಕ ಮಿತಿ ದಾಟಿದ್ದು ಕಂಡ ಕೂಡಲೇ ಚಾರ್ಜಿಂಗ್ ನಿಲ್ಲಿಸುತ್ತದೆ. ಅನುಮತಿ ಕೇಳುವುದಿಲ್ಲ. ಸರ್‌ಗೆ ಮೀಟಿಂಗ್ ಇದೆಯೇ, ಬ್ಯಾಟರಿ ನಾಲ್ಕೇ ಪ್ರತಿಶತ ಉಳಿದಿದೆಯೇ, ನೋಡುವುದಿಲ್ಲ. ಮುಂಗೇಶಪುರದ ಸಂವೇದಕ ಮೂರು ಡಿಗ್ರಿ ಹೆಚ್ಚು ತೋರಿಸಿತ್ತು ಎಂದು ಹವಾಮಾನ ಇಲಾಖೆ ಆಮೇಲೆ ಹೇಳಿತು. ಸಂವೇದಕ ತಪ್ಪಬಹುದು, ಆದರೆ ಸಂಕೋಚದಿಂದ ಸುಳ್ಳು ಹೇಳುವುದು ಅದಕ್ಕೆ ಬಾರದು.

ಭಾಯಿಸಾಬ್‌ಗೆ ಬರುತ್ತದೆ. "ತೊಂದರೆ ಆಗಲಿಲ್ಲವೇ?" ಎಂದು ಸಂಬಳ ಕೊಡುವವನು ಕೇಳಿದರೆ ಅದಕ್ಕೆ ಒಂದೇ ಉತ್ತರ. ಹಾಗಾದರೆ ನಾನು ಕೇಳಿದ ಪ್ರಶ್ನೆ ಯಾರಿಗಾಗಿ? ಆ ರಾತ್ರಿಯಿಂದ ನನ್ನನ್ನು ಕಾಡುತ್ತಿರುವುದು ಇದೇ. "ಇಲ್ಲ ಸರ್" ಎಂಬ ಉತ್ತರ ಸಿಕ್ಕಿತು, ನನ್ನ ಪಾಲಿನ ಹೊಣೆ ಮುಗಿಯಿತು, ಮನಸ್ಸು ಹಗುರಾಯಿತು. ವಿಚಾರಿಸುವುದು ಸಜ್ಜನಿಕೆ ಎಂದು ನಾವು ಕಲಿತಿದ್ದೇವೆ. ಇಲ್ಲಿ ಅದು ನನ್ನ ಹೊರೆಯನ್ನು ಅವರ ಬಾಯಿಯ ಮೇಲಿಟ್ಟು ಕೈತೊಳೆದುಕೊಳ್ಳುವ ವಿಧಾನವಾಗಿತ್ತು.

ಆಫೀಸಿನಲ್ಲೂ ಅಷ್ಟೆ. ಪ್ರತಿ ವಾರ ತಂಡದವರನ್ನು ಕೇಳುತ್ತೇನೆ, ಕೆಲಸ ಹೆಚ್ಚಾಗಿದೆಯಾ? ಎಲ್ಲರೂ "ಪರವಾಗಿಲ್ಲ" ಅನ್ನುತ್ತಾರೆ. ರಾತ್ರಿ ಎರಡಕ್ಕೆ ಬಂದ ಈಮೇಲ್‌ಗಳು ಬೇರೆ ಕಥೆ ಹೇಳುತ್ತವೆ. ಸರ್ವರ್ ಬಿಸಿಯಾದರೆ ನಮ್ಮಲ್ಲಿ ಅಲಾರಂ ಹೊಡೆದುಕೊಳ್ಳುತ್ತದೆ.

ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಒಂದು ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಾಗ ಇದನ್ನು ಗೆಳೆಯನೊಬ್ಬನಿಗೆ ಹೇಳಿದೆ. ಮಂಗಳೂರಿನವನು, ಸರ್ಕಾರಿ ಕೆಲಸ. "ನೀನು ಸುಮ್ಮನೆ ತಲೆಕೆಡಿಸಿಕೊಳ್ತೀ ಮಾರಾಯ. ಫೋನಿಗೆ ಆ ಸಂವೇದಕ ಇಟ್ಟದ್ದು ದಯೆಯಿಂದಲಾ? ಬೆಂಕಿ ಹತ್ತಿದರೆ ಕಂಪನಿ ಮುಳುಗ್ತದೆ ಅಂತ ಇಟ್ಟದ್ದು" ಎಂದ. ನಿಜ. 2016ರಲ್ಲಿ ಸ್ಯಾಮ್‌ಸಂಗ್ ನೋಟ್ 7 ಬ್ಯಾಟರಿಗಳು ಹೊತ್ತಿಕೊಂಡಾಗ ಮಾರಿದ ಫೋನುಗಳನ್ನೆಲ್ಲ ವಾಪಸು ಕರೆದು ಉತ್ಪಾದನೆಯನ್ನೇ ನಿಲ್ಲಿಸಬೇಕಾಯಿತು. ಫೋನಿಗೆ ದಕ್ಕಿರುವ ರಕ್ಷಣೆ ಭಯದಿಂದ ಬಂದದ್ದು. ಆದರೆ ಗೆಳೆಯನ ಮಾತು ನನ್ನನ್ನು ಇನ್ನಷ್ಟು ಇಕ್ಕಟ್ಟಿಗೆ ಸಿಕ್ಕಿಸಿತು. ಮನುಷ್ಯ ಬಿಸಿಯಾದರೆ ಹೊತ್ತಿಕೊಳ್ಳುವುದಿಲ್ಲ, ಪಕ್ಕದವನ ಜೇಬು ಸುಡುವುದಿಲ್ಲ. ಸದ್ದಿಲ್ಲದೆ ಕುಸಿಯುತ್ತಾನೆ. ಅದಕ್ಕೇ ಅವನ ಬಗ್ಗೆ ನಮಗೆ ಆ ಭಯವಿಲ್ಲ.

ಅವನ ಇನ್ನೊಂದು ಮಾತು: "ಅವರಿಗೆಲ್ಲ ಅಭ್ಯಾಸ ಇರ್ತದೆ." ಇದು ಅರ್ಧ ಸತ್ಯವಾದ್ದರಿಂದ ಅಪಾಯಕಾರಿ. ದೇಹ ಒಂದೆರಡು ವಾರಗಳಲ್ಲಿ ಸೆಕೆಗೆ ಹೊಂದಿಕೊಳ್ಳುತ್ತದೆ, ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಕಳೆಯುತ್ತದೆ. ಆದರೆ ಬೆವರು ಆರಿದರೆ ಮಾತ್ರ ತಂಪು. ಬಿಸಿಲಲ್ಲಿ ನಿಂತ ಕಾರಿನೊಳಗೆ ಗಾಜು ಏರಿಸಿದ್ದರೆ ಒಂದು ಗಂಟೆಯೊಳಗೆ ಹೊರಗಿನದಕ್ಕಿಂತ 20 ಡಿಗ್ರಿಯಷ್ಟು ಹೆಚ್ಚಾಗಬಹುದು, ಇಳಿಸಿದ್ದರೆ ಲೂ ಗಾಳಿ ನೇರ ಮುಖಕ್ಕೆ. ಅಭ್ಯಾಸಕ್ಕೂ ಒಂದು ಮಿತಿ ಇದೆ. ಅದನ್ನು ಅಳೆಯುವ ಸಂವೇದಕ ಅವರ ಒಳಗೂ ಇದೆ. ಓದುವ ಪರದೆ ಮಾತ್ರ ಇಲ್ಲ.

ಹಾಗಾದರೆ ಕೇಳದೆಯೇ ಇರಬೇಕೆ? ಮನುಷ್ಯನನ್ನು ಕೇಳದೆ ಅವನ ಒಳಿತು ತೀರ್ಮಾನಿಸುವುದು ಅವನನ್ನೂ ಒಂದು ಯಂತ್ರವೆಂದು ಎಣಿಸಿದ ಹಾಗಲ್ಲವೇ? "ಅಭ್ಯಾಸವಿದೆ ಸರ್" ಎಂಬುದರಲ್ಲಿ ಒಂದು ಮರ್ಯಾದೆಯೂ ಇದೆ, ಅದನ್ನು ಸುಳ್ಳೆಂದು ತಳ್ಳಿಹಾಕಲು ನಾನು ಯಾರು? ಇಲ್ಲಿ ನನಗೆ ಅಜ್ಜಿ ನೆನಪಾಗುತ್ತಾಳೆ. ನಮ್ಮ ಕಡೆ ಮನೆಗೆ ಬಂದವರನ್ನು "ಊಟ ಆಯ್ತಾ?" ಅಂದರೆ ಹಸಿದು ಕಣ್ಣು ಕತ್ತಲೆ ಬಂದವರೂ "ಆಯ್ತು" ಅನ್ನುತ್ತಾರೆ. ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವವರು ಲೆಕ್ಕಕ್ಕೆಂದು ಮಧ್ಯಾಹ್ನ ಮನೆಗೆ ಬಂದರೆ ಅಜ್ಜಿ ಕೇಳುತ್ತಿರಲೇ ಇಲ್ಲ. ಎಲೆ ಹಾಕಿ ನೀರಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ನಿಜಕ್ಕೂ ಉಂಡಿದ್ದವರು "ಅಮ್ಮಾ, ಬ್ಯಾಡಿ" ಎಂದು ಎದ್ದು ಹೋಗಬಹುದಿತ್ತು, ಕೆಲವರು ಹೋಗುತ್ತಲೂ ಇದ್ದರು. ಬೇಡ ಎನ್ನುವ ಸ್ವಾತಂತ್ರ್ಯ ಅವರಿಗೆ ಉಳಿದಿತ್ತು, ಬೇಕು ಎಂದು ಬಾಯಿಬಿಟ್ಟು ಹೇಳುವ ಕಷ್ಟವನ್ನಷ್ಟೇ ಅಜ್ಜಿ ತೆಗೆದುಹಾಕಿದ್ದಳು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಡೀಫಾಲ್ಟ್ ಬದಲಿಸಿದ್ದಳು.

ಒಳ್ಳೆಯ ಕಾನೂನು ಕೂಡ ಎಲೆ ಹಾಕಿದ ಹಾಗೆಯೇ ಇರಬೇಕು. ಅದೇ ಮೇ ತಿಂಗಳ ಕೊನೆಯಲ್ಲಿ ದೆಹಲಿಯ ಲೆಫ್ಟಿನೆಂಟ್ ಗವರ್ನರ್ ಕಟ್ಟಡ ಕಾರ್ಮಿಕರಿಗೆ ಮಧ್ಯಾಹ್ನ 12ರಿಂದ 3ರವರೆಗೆ ಸಂಬಳ ಸಹಿತ ವಿರಾಮ ಕೊಡಲು ಸೂಚಿಸಿದರು. ಹೆಚ್ಚುಕಡಿಮೆ ಭಾಯಿಸಾಬ್ ಕಾರಿನಲ್ಲಿ ಕೂತಿದ್ದ ಗಂಟೆಗಳು ಅವು. ಮನೆಗಾಡಿ ಓಡಿಸುವವರು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಲಾರಿಗಳ ವಿಷಯದಲ್ಲಿ ನಿಯಮ ಬಂದಿದೆ: 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಚಾಲಕರ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಖರ್ಚು ಹೆಚ್ಚುತ್ತದೆ ಎಂದು ಕೆಲವರು ವಿರೋಧಿಸಿದ್ದರು ಎಂದು ಸಚಿವ ನಿತಿನ್ ಗಡ್ಕರಿಯವರೇ ಹೇಳಿದ್ದುಂಟು. ಇದಕ್ಕಿಂತ ಮೊದಲೇ ನಮ್ಮ ಮಧ್ಯಮವರ್ಗದ ಕಾರುಗಳಲ್ಲಿ ಚಾರ್ಜಿಂಗ್ ಪ್ಯಾಡಿಗೆ ತಂಪು ಗಾಳಿ ಬೀಸುವ ಏರ್ಪಾಡು ಬಂದಿತ್ತು, ಜಾಹೀರಾತಿನಲ್ಲಿ ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರು.

ನಾನು ಮಾಡಿದ್ದು ಸ್ವಲ್ಪವೇ, ಅದೂ ಸರಿಯಾಗಿ ಆಗಲಿಲ್ಲ. ಸೆಕೆಯಲ್ಲಿ ಕಾರು ನಿಂತರೂ ಎಸಿ ಹಾಕಿಕೊಂಡೇ ಇರಿ ಎಂದೆ. ಮೊದಲ ವಾರ ಅವರು ಹಾಕಲಿಲ್ಲ, ಪೆಟ್ರೋಲ್ ಮುಳ್ಳು ಹೇಳುತ್ತಿತ್ತು. (ನಿಂತ ಕಾರು ಹೊಗೆ ಉಗುಳುವುದೂ ಈ ಊರಿನಲ್ಲಿ ಪಾಪವೇ, ಆ ಲೆಕ್ಕ ಇನ್ನೂ ನನ್ನ ಖಾತೆಯಲ್ಲಿದೆ.) ಮೀಟಿಂಗ್ ಇದ್ದ ಕಟ್ಟಡದ ಲಾಬಿಯಲ್ಲಿ ಕೂರಿಸೋಣವೆಂದರೆ ಡ್ರೈವರುಗಳು ಹೊರಗೇ ಇರಬೇಕು ಎಂದು ಗಾರ್ಡ್ ತಡೆದ. ಅವನೂ ಬಿಸಿಲಿನಲ್ಲೇ ನಿಂತಿದ್ದ. ಜೂನ್‌ನಲ್ಲಿ ಗುರುಗ್ರಾಮಕ್ಕೆ ಹೋಗಬೇಕಾದ ದಿನಗಳಲ್ಲಿ ನಾನು ಮೆಟ್ರೋ ಹಿಡಿದೆ, ಅವರಿಗೆ ಮನೆಯಲ್ಲೇ ಇರಿ ಎಂದೆ. ಮೂರನೇ ಸಲ ಹಾಗೆ ಹೇಳಿದಾಗ ಸಂಜೆ ಅವರು ಬಾಗಿಲ ಬಳಿ ನಿಂತಿದ್ದರು. "ಸರ್, ನನ್ನಿಂದ ಏನಾದರೂ ತಪ್ಪಾಯಿತಾ?"

ಕೆಲಸ ಹೋಗುತ್ತದೆ ಎಂದುಕೊಂಡಿದ್ದರು. ಚಾರ್ಜಿಂಗ್ ನಿಲ್ಲಿಸಿದ ಫೋನನ್ನು ನಾನು ಬಿಸಾಡುವುದಿಲ್ಲ, ವೆಂಟ್ ತಿರುಗಿಸುತ್ತೇನೆ. ಈ ನಂಬಿಕೆ ಅವರಿಗೆ ನನ್ನ ಮೇಲಿರಲು ಕಾರಣವೇನೂ ಇರಲಿಲ್ಲ. ಮಾತಿನಿಂದ ಅದನ್ನು ತರಿಸಲು ನೋಡಿದೆ, ಹಿಂದಿಯಲ್ಲಿ ತಡವರಿಸುತ್ತ. ಅವರು "ಜೀ ಸರ್, ಜೀ ಸರ್" ಎನ್ನುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹೇಳಿದ್ದಕ್ಕಿಂತ ಬೇಗ ಹೊರಗೆ ಬಂದೆ. ಕಾರಿನ ಇಂಜಿನ್ ಓಡುತ್ತಿತ್ತು. ಸೀಟು ಹಿಂದಕ್ಕೆ ಬಾಗಿಸಿ ಮಲಗಿದ್ದವರು ನನ್ನನ್ನು ಕಂಡ ಕೂಡಲೇ ಎದ್ದು, "ಈಗಷ್ಟೇ ಹಾಕಿದೆ ಸರ್" ಎಂದರು. ಒಳಗೆ ಕೂತೆ. ಸೀಟು ಬೆನ್ನಿಗೆ ತಣ್ಣಗೆ ತಾಗಿತು. ಗಂಟೆಯಿಂದ ಎಸಿ ಓಡಿದ್ದರೆ ಮಾತ್ರ ಬರುವ ತಂಪು. ನಾನು ಏನೂ ಹೇಳಲಿಲ್ಲ. ಫೋನಿಗೆ ಕೇಬಲ್ ಚುಚ್ಚಿದೆ. ಪ್ಯಾಡ್ ಮೇಲೆ ಅವರ ಕನ್ನಡಕ ಇತ್ತು.