ಅರುವತ್ತೊಂದನೆಯ ಸೆಕೆಂಡು

ಘಟ್ಟದ ಬುಡದಲ್ಲಿರುವ ಕೊಲ್ಲಮೊಗ್ರುವಿನಲ್ಲಿ ಮಳೆ ಹಿಡಿಯಿತೆಂದರೆ ತೋಟದ ಕೆಲಸ ನಿಲ್ಲುತ್ತದೆ, ಕರೆಂಟು ಹೋಗುತ್ತದೆ, ಮಾತು ಮಾತ್ರ ಉಳಿಯುತ್ತದೆ. ಮಳೆಗಾಲದ ಅಂಥ ಒಂದು ಸಂಜೆ ಅಲ್ಲಿನ ಚಾದಂಗಡಿಯೊಂದರಲ್ಲಿ ನಾವೂ ಕುಳಿತಿದ್ದೆವು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಊರಿನ ಇಬ್ಬರು ಹುಡುಗರು ರಜೆಗೆ ಬಂದಿದ್ದರು. ಅವರ ಜಗಳ ಆಸ್ತಿಯದ್ದಲ್ಲ, ಪಾರ್ಟಿಯದ್ದೂ ಅಲ್ಲ. ಮೊಬೈಲಿನಲ್ಲಿ ನೋಡಿದ ಒಂದು ಅಮೆರಿಕನ್ ಧಾರಾವಾಹಿಯದ್ದು!

ಧಾರಾವಾಹಿಯ ಹೆಸರು ‘ಪುಶಿಂಗ್ ಡೈಸೀಸ್’. ಬ್ರಯಾನ್ ಫುಲ್ಲರ್ ಎಂಬವರ ಸೃಷ್ಟಿ. 2007ರಿಂದ 2009ರ ತನಕ ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ ಬಂದು, 22 ಕಂತುಗಳಿಗೇ ಮುಗಿದುಹೋದದ್ದು. ಮುಗಿದ ಮೇಲೂ ಅದರ ಅಭಿಮಾನಿಗಳು ಅದನ್ನು ಬಿಟ್ಟಿಲ್ಲ. ಕಥೆ ಅಜ್ಜಿಕಥೆಯ ಹಾಗಿದೆ. ನೆಡ್ ಎಂಬ ಹುಡುಗ ಸತ್ತದ್ದನ್ನು ಬೆರಳಿನಿಂದ ಮುಟ್ಟಿದರೆ ಅದು ಎದ್ದು ಕೂರುತ್ತದೆ. ಇನ್ನೊಮ್ಮೆ ಮುಟ್ಟಿದರೆ ಮತ್ತೆ ಸಾಯುತ್ತದೆ, ಆಮೇಲೆ ಏಳುವುದಿಲ್ಲ. ಎದ್ದ ಜೀವ ಒಂದು ನಿಮಿಷಕ್ಕಿಂತ ಹೆಚ್ಚು ಉಳಿದರೆ, ಹತ್ತಿರದಲ್ಲಿರುವ ಅದಕ್ಕೆ ಸಮನಾದ ಇನ್ನೊಂದು ಜೀವ ಹೋಗುತ್ತದೆ. ಈ ಕೊನೆಯ ನಿಯಮ ಆ ಹುಡುಗನಿಗೆ ಮೊದಲು ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಕುಸಿದು ಸತ್ತ ತಾಯಿಯನ್ನು ಅವನು ಮುಟ್ಟಿ ಎಬ್ಬಿಸಿದ. ಅದರ ಬೆಲೆ ತೆತ್ತವನು ಎದುರು ಮನೆಯ, ಅವನ ಗೆಳತಿ ಚಕ್ ಎಂಬ ಹುಡುಗಿಯ ತಂದೆ. ರಾತ್ರಿ ತಾಯಿ ಮಗನಿಗೆ ಮುತ್ತು ಕೊಟ್ಟಾಗ ಎರಡನೆಯ ಸ್ಪರ್ಶವಾಗಿ ಅವಳೂ ಹೋದಳು. ದೊಡ್ಡವನಾದ ನೆಡ್ ಕೊಲೆಯಾದವರನ್ನು ಒಂದು ನಿಮಿಷಕ್ಕೆ ಎಬ್ಬಿಸಿ, ಕೊಂದವರು ಯಾರೆಂದು ಕೇಳಿ, ಮತ್ತೆ ಮುಟ್ಟಿ ಮಲಗಿಸುತ್ತಾನೆ. ಆದರೆ ಕೊಲೆಯಾದ ಚಕ್‌ಳನ್ನು ಎಬ್ಬಿಸಿದಾಗ ಅವನಿಗೆ ಮತ್ತೆ ಮಲಗಿಸಲು ಮನಸ್ಸು ಬರುವುದಿಲ್ಲ. ನಿಮಿಷ ದಾಟುತ್ತದೆ. ಶವಸಂಸ್ಕಾರದ ವ್ಯವಸ್ಥೆ ನೋಡಿಕೊಳ್ಳುವವನು ಅಲ್ಲೇ ಬಿದ್ದು ಸಾಯುತ್ತಾನೆ.

ಒಬ್ಬ ಹುಡುಗ ಹೇಳಿದ: “ನೆಡ್ ಮಾಡಿದ್ದರಲ್ಲಿ ತಪ್ಪೇನಿಲ್ಲ. ಸತ್ತವನು ಹೆಣದ ಮೈಮೇಲಿನ ಒಡವೆ ಕದಿಯುತ್ತಿದ್ದವನು.” ಇನ್ನೊಬ್ಬ ಒಪ್ಪಲಿಲ್ಲ: “ಕದ್ದವನಿಗೆ ಸಾವೇ ಶಿಕ್ಷೆಯಾ? ಅವನು ಕಳ್ಳ ಅಂತ ನೆಡ್‌ಗೆ ಆ ಹೊತ್ತಿಗೆ ಗೊತ್ತೇ ಇರಲಿಲ್ಲವಲ್ಲ ಮಾರಾಯ!” ಮೂಲೆಯಲ್ಲಿ ಚಾ ಕುಡಿಯುತ್ತಿದ್ದ ಹಿರಿಯರೊಬ್ಬರು ನಕ್ಕರು: “ಇದು ಅಮೆರಿಕದ್ದಲ್ಲ ಮಗಾ, ಬೇತಾಳನ ಕಥೆ. ನಾವು ಚಂದಮಾಮದಲ್ಲಿ ಓದಿದ್ದು.”

ಹಿರಿಯರು ಹೇಳಿದ್ದು ಸುಳ್ಳಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿ ಬೇತಾಳನ ಇಪ್ಪತ್ತೈದು ಕಥೆಗಳಿವೆ. 1985ರಲ್ಲಿ ರಮಾನಂದ ಸಾಗರ್ ಅವರ ‘ವಿಕ್ರಮ್ ಔರ್ ಬೇತಾಳ್’ ದೂರದರ್ಶನದಲ್ಲಿ ಬಂದಾಗ ಟಿವಿ ಇದ್ದ ಮನೆಯ ಜಗಲಿ ತುಂಬುತ್ತಿತ್ತು. ಆ ಕಥೆಗಳ ರೀತಿಯೇ ಹಾಗೆ. ಹೆಣದೊಳಗಿನ ಬೇತಾಳ ಕಥೆ ಹೇಳಿ ಕೊನೆಗೆ ನ್ಯಾಯದ ಪ್ರಶ್ನೆಯೊಂದನ್ನು ಕೇಳುತ್ತದೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಒಡೆದು ಹೋಗುತ್ತದೆ. ಅವುಗಳಲ್ಲೊಂದು ವೀರವರನ ಕಥೆ. ಶೂದ್ರಕ ರಾಜ ಮೂರು ದಿನಗಳಲ್ಲಿ ಸಾಯುತ್ತಾನೆಂದು ಭೂದೇವಿ ಅಳುತ್ತಾಳೆ. ಅವನ ಸೇವಕ ವೀರವರ ತನ್ನ ಮಗನನ್ನು ಚಂಡಿಕೆಗೆ ಬಲಿ ಕೊಟ್ಟರೆ ರಾಜ ಉಳಿಯುತ್ತಾನೆ. ಮಗು ಒಪ್ಪುತ್ತದೆ, ವೀರವರ ಬಲಿ ಕೊಡುತ್ತಾನೆ. ದುಃಖದಲ್ಲಿ ಮಗಳು ಸಾಯುತ್ತಾಳೆ, ಹೆಂಡತಿ ಚಿತೆಯೇರುತ್ತಾಳೆ, ಕೊನೆಗೆ ವೀರವರನೂ ತಲೆ ಕಡಿದುಕೊಳ್ಳುತ್ತಾನೆ. ಮರೆಯಲ್ಲಿ ನಿಂತು ಇದನ್ನೆಲ್ಲ ನೋಡಿದ ರಾಜ ತನ್ನ ಕತ್ತಿಗೆ ಕೊರಳೊಡ್ಡಿದಾಗ ದೇವಿ ಎಲ್ಲರನ್ನೂ ಬದುಕಿಸುತ್ತಾಳೆ. ಇವರಲ್ಲಿ ದೊಡ್ಡವರು ಯಾರು? ರಾಜನೇ ದೊಡ್ಡವನು ಎನ್ನುತ್ತಾನೆ ವಿಕ್ರಮ. ಒಡೆಯನಿಗಾಗಿ ಸಾಯುವುದು ಸೇವಕನ ಕರ್ತವ್ಯ, ಸೇವಕನಿಗಾಗಿ ಸಾಯಲು ಹೊರಡುವ ಒಡೆಯ ಅಪರೂಪ ಎಂಬುದು ಅವನ ಕಾರಣ.

ನಮ್ಮ ಪ್ರಶ್ನೆ ಬೇರೆ. ಬೇತಾಳನೂ ಕೇಳಲಿಲ್ಲ, ವಿಕ್ರಮನೂ ಹೇಳಲಿಲ್ಲ: ಆ ಮಗುವನ್ನು ಕೊಡುವ ಅಧಿಕಾರ ವೀರವರನಿಗೆ ಕೊಟ್ಟವರು ಯಾರು? ಮಗು ಒಪ್ಪಿತಲ್ಲ ಎನ್ನಬಹುದು. ಅಪ್ಪನ ಕೈಯಲ್ಲಿ ಕತ್ತಿ ಇರುವಾಗ ಮಗು ಹೇಳುವ ‘ಹೂಂ’ಗೆ ಒಪ್ಪಿಗೆ ಎಂಬ ಹೆಸರು ಸಲ್ಲುತ್ತದೆಯೇ? ತನ್ನ ಜೀವ ಕೊಡುವುದು ತ್ಯಾಗ. ಇನ್ನೊಬ್ಬರ ಜೀವ ಎತ್ತಿ ಕೊಡುವುದಕ್ಕೂ ಅದೇ ಹೆಸರು ಇಟ್ಟದ್ದೇ ಮನುಷ್ಯಕುಲದ ಬಹಳ ಹಳೆಯ ಮೋಸ.

ಈ ಪ್ರಶ್ನೆಯನ್ನು ಇಸ್ಲಾಮೀ ಧರ್ಮಶಾಸ್ತ್ರಜ್ಞರು ಬಿಡಿಬಿಡಿಯಾಗಿ ಚರ್ಚಿಸಿದ್ದಾರೆ. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿ ‘ಅಲ್ ಮುಸ್ತಸ್ಫಾ’ ಗ್ರಂಥದಲ್ಲಿ ಒಂದು ಹಡಗಿನ ಉದಾಹರಣೆ ಕೊಡುತ್ತಾರೆ. ಹಡಗು ಮುಳುಗುತ್ತಿದೆ. ಒಬ್ಬನನ್ನು ಸಮುದ್ರಕ್ಕೆ ಎಸೆದರೆ ಉಳಿದವರು ಬದುಕುತ್ತಾರೆ, ಇಲ್ಲದಿದ್ದರೆ ಎಲ್ಲರೂ ಸಾಯುತ್ತಾರೆ. ಎಸೆಯಬಹುದೇ? ಕೂಡದು ಎನ್ನುತ್ತಾರೆ ಅವರು. ಇಡೀ ಸಮುದಾಯವೇ ಅಳಿದುಹೋಗುವ ಯುದ್ಧದ ಸಂದರ್ಭವೊಂದನ್ನು ಅವರು ಬೇರೆಯಾಗಿ ತೂಗಿ ನೋಡಿದ್ದಾರೆ, ನಿಜ. ಆದರೆ ಹಡಗಿನವರಿಗೆ ಆ ರಿಯಾಯಿತಿ ಇಲ್ಲ. ಹಾಗೆಯೇ, ‘ಅವನನ್ನು ಕೊಲ್ಲು, ಇಲ್ಲದಿದ್ದರೆ ನಿನ್ನನ್ನು ಕೊಲ್ಲುತ್ತೇನೆ’ ಎಂದು ಯಾರಾದರೂ ಬೆದರಿಸಿದರೂ ನಿರಪರಾಧಿಯನ್ನು ಕೊಲ್ಲಲು ಅನುಮತಿ ಇಲ್ಲ. ನನ್ನ ರಕ್ತ ಅವನ ರಕ್ತಕ್ಕಿಂತ ಕೆಂಪಲ್ಲ! ಒಂದು ಹಾನಿಯನ್ನು ಅಂಥದ್ದೇ ಇನ್ನೊಂದು ಹಾನಿಯಿಂದ ನೀಗಿಸುವಂತಿಲ್ಲ ಎಂಬುದು ಫಿಕ್ಹ್‌ನ ಪ್ರಸಿದ್ಧ ಸೂತ್ರ.

ಚಾದಂಗಡಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ ಬಿಡಲಿಲ್ಲ. “ಹಾಗಾದರೆ ಕಾಕಾ, ಸೂರಃ ಅಲ್ ಕಹ್ಫ್‌ನಲ್ಲಿ ಖಿಝರ್(ಅ) ಒಬ್ಬ ಹುಡುಗನನ್ನು ಕೊಂದದ್ದು?” ಪ್ರಶ್ನೆ ಸರಿಯಾದದ್ದೇ. ಆ ಕಥೆಯಲ್ಲಿ ಹಝ್ರತ್ ಮೂಸಾ(ಅ) ಕೂಡ ಇದೇ ಪ್ರಶ್ನೆ ಕೇಳಿ ಪ್ರತಿಭಟಿಸುತ್ತಾರೆ. ಖಿಝರ್‌ಗೆ ಅಲ್ಲಾಹನು ಮುಂದಿನದರ ಜ್ಞಾನ ಕೊಟ್ಟಿದ್ದನು, ಅವರು ಸ್ವಂತ ಇಚ್ಛೆಯಿಂದ ಮಾಡಲಿಲ್ಲ. ಆ ಘಟನೆಯನ್ನು ಹಿಡಿದು ಮಕ್ಕಳನ್ನು ಕೊಲ್ಲುವ ಬಗ್ಗೆ ಪ್ರಶ್ನೆ ಬಂದಾಗ ಇಬ್ನು ಅಬ್ಬಾಸ್(ರ) ಕೊಟ್ಟ ಉತ್ತರದ ಸಾರ ಇಷ್ಟು: ಖಿಝರ್‌ಗೆ ತಿಳಿದದ್ದು ನಿನಗೂ ತಿಳಿದಿದ್ದರೆ ಸರಿ, ಇಲ್ಲದಿದ್ದರೆ ಕೂಡದು. ನಮಗೆ ಯಾರಿಗೂ ಅದು ತಿಳಿದಿಲ್ಲ. ಆದ್ದರಿಂದ ನಮ್ಮ ಪಾಲಿಗೆ ಉಳಿದಿರುವುದು ಮೂಸಾ(ಅ) ಅವರ ಪ್ರತಿಭಟನೆ.

ಇಷ್ಟು ಹೊತ್ತಿಗೆ ಅಂಗಡಿಯವರು ಒಂದು ಮಾತು ಹೇಳಿದರು. “ನೀವೆಲ್ಲ ಸುಲಭದಲ್ಲಿ ಹೇಳ್ತೀರಿ. ಆ ಎರಡು ಮಕ್ಕಳನ್ನು ಮುಟ್ಟಿ ಎಬ್ಬಿಸಲಿಕ್ಕೆ ಆಗುತ್ತಿದ್ದರೆ ಯಾರು ಗಡಿಯಾರ ನೋಡುತ್ತಿದ್ದರು?” ಎಲ್ಲರೂ ಸುಮ್ಮನಾದರು. ಯಾವ ಮಕ್ಕಳೆಂದು ಯಾರೂ ಕೇಳಲಿಲ್ಲ. 2022ರ ಆಗಸ್ಟ್ 1ರ ರಾತ್ರಿ ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಳ್ಳತ್ತಡ್ಕದ ಮೇಲೆ ಸುರಿದ ಮಳೆಯನ್ನು ಇಲ್ಲಿಯವರು ಮರೆತಿಲ್ಲ. ಅದೇ ರಾತ್ರಿ ಸುಬ್ರಹ್ಮಣ್ಯದಲ್ಲಿ ಗುಡ್ಡ ಮನೆಯ ಮೇಲೆ ಜರಿದು ಇಬ್ಬರು ಪುಟ್ಟ ಹೆಣ್ಣುಮಕ್ಕಳು ತೀರಿಕೊಂಡರು.

ಅಂಗಡಿಯವರ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ. ಮಗುವನ್ನು ಕಳೆದುಕೊಂಡವರ ಎದುರು ಶಾಸ್ತ್ರ ಹೇಳಬಾರದು. ತಾಯಿಯನ್ನು ಮುಟ್ಟಿದ ಒಂಬತ್ತು ವರ್ಷದ ನೆಡ್‌ನನ್ನು ನಾವು ದೂರಲಾರೆವು, ಅವನಿಗೆ ನಿಯಮ ತಿಳಿದಿರಲಿಲ್ಲ. ಎರಡನೆಯ ಸಲ ತಿಳಿದಿತ್ತು. ಆಗಲೂ ಅವನ ಪ್ರೀತಿ ಸುಳ್ಳಲ್ಲ. ಆದರೆ ಪ್ರೀತಿ ನಿಜವಾಗಿದ್ದರೆ ಸಾಲವೂ ನಿಜವೇ. ಧಾರಾವಾಹಿ ಇಲ್ಲಿ ನಮಗೆ ಒಂದು ಅನುಕೂಲ ಮಾಡಿಕೊಟ್ಟಿದೆ, ಸತ್ತವನನ್ನು ಕಳ್ಳನನ್ನಾಗಿ ಮಾಡಿದೆ. ನೋಡುವವರು ನಿಟ್ಟುಸಿರು ಬಿಟ್ಟು ಮುಂದೆ ಹೋಗುತ್ತಾರೆ. ಅವನ ಮನೆಯಲ್ಲೂ ಯಾರಾದರೂ ಬಾಗಿಲು ನೋಡುತ್ತ ಕುಳಿತಿದ್ದರೇ ಎಂದು ಯಾರೂ ಕೇಳುವುದಿಲ್ಲ.

ಈ ಅನುಕೂಲವನ್ನು ನಾವು ದಿನವೂ ಮಾಡಿಕೊಳ್ಳುತ್ತೇವೆ. ಹತ್ತಿರದ ಉದಾಹರಣೆ ಎಂಡೋಸಲ್ಫಾನ್. ಕಾಸರಗೋಡಿನ ಪಡ್ರೆ, ಬೆಳ್ತಂಗಡಿಯ ಕೊಕ್ಕಡದ ಸುತ್ತಿನ ಗೇರು ತೋಟಗಳ ಮೇಲೆ ವರ್ಷಗಳ ಕಾಲ ಹೆಲಿಕಾಪ್ಟರಿನಿಂದ ವಿಷ ಸುರಿಯಲಾಯಿತು. ಗೇರು ಉಳಿಯಿತು. ಮಕ್ಕಳು ಏಳಲಾಗದೆ, ಮಾತಾಡಲಾಗದೆ ಹಾಸಿಗೆ ಹಿಡಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯುವ ಹೊತ್ತಿಗೆ ಒಂದು ತಲೆಮಾರು ಬೆಲೆ ತೆತ್ತಾಗಿತ್ತು. ಗೇರುಬೀಜ ತಿಂದವರಿಗೆ ನಿಯಮ ತಿಳಿದಿರಲಿಲ್ಲ, ಒಪ್ಪೋಣ. ತಿಳಿದ ಮೇಲೆ? ಅರುವತ್ತೊಂದನೆಯ ಸೆಕೆಂಡಿನ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.

ಮನೆಯೊಳಗೂ ಹೀಗೆಯೇ. ತಮ್ಮನ ಓದಿಗಾಗಿ ಅಕ್ಕನ ಶಾಲೆ ಬಿಡಿಸುತ್ತೇವೆ. ಮನೆಯ ಸಾಲಕ್ಕಾಗಿ ಒಬ್ಬ ಮಗನ ಯೌವನವನ್ನು ಗಲ್ಫಿಗೆ ಕಳುಹಿಸುತ್ತೇವೆ. ಆಮೇಲೆ ‘ಅವಳೇ ಒಪ್ಪಿದಳು’, ‘ಅವನೇ ಹೊರಟ’ ಎನ್ನುತ್ತೇವೆ. ವೀರವರನ ಮಗನೂ ಒಪ್ಪಿದ್ದ! ಅಂಗಾಂಗ ಕಸಿಯ ಬಗ್ಗೆ 1994ರಲ್ಲಿ ನಮ್ಮ ದೇಶದಲ್ಲಿ ಬಂದ ಕಾನೂನು ದಾನಿಯ ಒಪ್ಪಿಗೆಯನ್ನು ಕಡ್ಡಾಯಗೊಳಿಸಿ ಅಂಗಗಳ ವ್ಯಾಪಾರವನ್ನು ಅಪರಾಧವೆಂದಿತು. ಒಂದು ಕಿಡ್ನಿಗೆ ಕೇಳುವಷ್ಟು ಒಪ್ಪಿಗೆಯನ್ನು ನಾವು ಒಂದು ಇಡೀ ಆಯುಷ್ಯಕ್ಕೆ ಕೇಳುವುದಿಲ್ಲ.

ಮೊದಲ ಸೀಸನ್ನಿನ ಕೊನೆಯಲ್ಲಿ ನೆಡ್ ಚಕ್‌ಳ ಎದುರು ನಿಂತು, ನಿನ್ನ ತಂದೆಯ ಸಾವಿಗೆ ನಾನು ಕಾರಣ ಎಂದು ಹೇಳಿಬಿಡುತ್ತಾನೆ. ಅದರಿಂದ ಸತ್ತವನು ಬರುವುದಿಲ್ಲ. ಆದರೂ ಆ ಕಂತು ನಮಗೆ ಹಿಡಿಸಿತು. ತೌಬಾದ ಮೊದಲ ಮೆಟ್ಟಿಲು ತಪ್ಪೊಪ್ಪಿಗೆ. ಮನುಷ್ಯನ ಹಕ್ಕಿಗೆ ಆದ ಅನ್ಯಾಯವಾದರೆ ಅಲ್ಲಾಹನಲ್ಲಿ ಕ್ಷಮೆ ಕೇಳಿದರೆ ಸಾಲದು, ಆ ಮನುಷ್ಯನ ಬಾಗಿಲಿಗೂ ಹೋಗಬೇಕು ಎಂದು ನಮಗೆ ಮದ್ರಸದಲ್ಲೇ ಕಲಿಸಿದ್ದಾರೆ.

ಕರೆಂಟು ಬಂತು. ಹುಡುಗರಲ್ಲೊಬ್ಬ ಹೊರಡುವ ಮೊದಲು ಫೋನು ತೆಗೆದು ಮನೆಗೆ ಮಾತಾಡಿದ. ಅವನ ಓದಿಗಾಗಿ ಹತ್ತನೆಗೆ ಶಾಲೆ ಬಿಟ್ಟು ಬೀಡಿ ಕಟ್ಟಿದ ಅಕ್ಕ ಆ ಕಡೆ ಇದ್ದರೆಂದು ಆಮೇಲೆ ತಿಳಿಯಿತು. ಏನು ಮಾತಾಡಿದನೋ, ಮಳೆಯ ಸದ್ದಿನಲ್ಲಿ ನಮಗೆ ಕೇಳಿಸಲಿಲ್ಲ.