ಮಾಂಡವ್ಯನ ಮೇರೆ ಮತ್ತು ಬಾಲನ್ಯಾಯ

ಬಾಲ್ಯದಲ್ಲಿ ಕೀಟಗಳನ್ನು ಚುಚ್ಚಿದ್ದಕ್ಕಾಗಿ ತಾನು ಶೂಲಕ್ಕೇರಬೇಕಾಯಿತೆಂದು ತಿಳಿದ ಮಾಂಡವ್ಯ ಋಷಿಯು, ಅಲ್ಪ ತಪ್ಪಿಗೆ ಘೋರ ದಂಡ ವಿಧಿಸಿದ ಧರ್ಮದೇವತೆಯನ್ನೇ ಶಪಿಸಿ, ಹದಿನಾಲ್ಕು ವರ್ಷದವರೆಗಿನ ಕೃತ್ಯಕ್ಕೆ ಪಾಪವಿಲ್ಲವೆಂದು ಮೇರೆ ಹಾಕಿದನೆಂಬುದು ಮಹಾಭಾರತದ ಆದಿಪರ್ವದ ಕಥೆ. ಇಲ್ಲಿ ಕೊನೆಗೆ ಶಿಕ್ಷೆಗೊಳಗಾದವನು ನ್ಯಾಯಾಧೀಶನೇ ಎಂಬುದು ಗಮನಾರ್ಹ. ಮುಂಬೈನ ಸಾಂತಾಕ್ರೂಜ್‌ನ ಬಾಲಕನೊಬ್ಬ ಇಂದು ತಪ್ಪಿತಸ್ಥನೆಂದು ಕಂಡುಬಂದರೆ, 2015ರ ಬಾಲನ್ಯಾಯ ಕಾಯ್ದೆಯಂತೆ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುವ ಬಾಲನ್ಯಾಯ ಮಂಡಳಿಯು, ಅವನ ಮನೆಯ ಸ್ಥಿತಿಗತಿಗಳ ಸಾಮಾಜಿಕ ತನಿಖಾ ವರದಿಯನ್ನು ಪರಿಶೀಲಿಸಿ, ಬುದ್ಧಿವಾದ, ಸಮುದಾಯ ಸೇವೆ ಅಥವಾ ಗರಿಷ್ಠ 3 ವರ್ಷಗಳ ವಿಶೇಷ ಗೃಹವಾಸದಂತಹ ಆದೇಶ ನೀಡುತ್ತದೆ. ಆದರೆ 16 ತುಂಬಿದವನು ಘೋರ ಅಪರಾಧದ, ಅಂದರೆ ಕನಿಷ್ಠ 7 ವರ್ಷಗಳ ಶಿಕ್ಷೆಯುಳ್ಳ ಕೃತ್ಯದ, ಆರೋಪ ಹೊತ್ತಾಗ, ಪರಿಣಾಮವನ್ನು ಅರಿಯುವ ಶಕ್ತಿ ಅವನಿಗಿತ್ತೇ ಎಂದು ಮಂಡಳಿ ಅಳೆಯುತ್ತದೆ. ಕೃತ್ಯ ನಡೆದ ಕ್ಷಣದ ಮನಸ್ಸನ್ನು ಆಮೇಲೆ ಅಳೆಯುವ ಈ ಕೆಲಸ ಧರ್ಮಸೂಕ್ಷ್ಮಕ್ಕಿಂತ ಊಹೆಗೇ ಹತ್ತಿರವಾದುದು.